ಎಸ್‌ಡಿಎನ್, ಎನ್‌ಎಫ್‌ವಿ: ಕೆಟ್ಟಾಗ ಏನಾಗುತ್ತದೆ ಎಂದು ಮೊದಲು ಕೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಶಿಕ್ಷಣ ಪುರವಣಿಯಲ್ಲಿ ಈಚೆಗೆ ಬಂದ ಬರಹವೊಂದು ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕಿಂಗ್ (ಎಸ್‌ಡಿಎನ್) ಮತ್ತು ನೆಟ್‌ವರ್ಕ್ ಫಂಕ್ಷನ್ ವರ್ಚುವಲೈಸೇಶನ್ (ಎನ್‌ಎಫ್‌ವಿ) ಎಂಬ ಎರಡು ತಂತ್ರಗಳನ್ನು ಒಂದೇ ಎಂಬಂತೆ ವಿವರಿಸಿತ್ತು. ಇವು ಬಂದರೆ ರೂಟರ್, ಫೈರ್‌ವಾಲ್‌ನಂಥ ಪೆಟ್ಟಿಗೆಗಳು ಮಾಯವಾಗುತ್ತವೆ, ಖರ್ಚು ಇಳಿಯುತ್ತದೆ, ಜಾಲ ತನ್ನಷ್ಟಕ್ಕೆ ತಾನೇ ನಡೆಯುತ್ತದೆ ಎಂಬುದು ಅದರ ಧಾಟಿ. ಇಂಥದ್ದನ್ನು ಓದಿದ ಕಾಲೇಜು, ಆಸ್ಪತ್ರೆ, ಸಹಕಾರಿ ಬ್ಯಾಂಕುಗಳ ಆಡಳಿತ ಮಂಡಳಿಯವರು ‘ನಮಗೂ ಎಸ್‌ಡಿಎನ್ ಹಾಕಿಸಿ’ ಎಂದು ಟೆಂಡರ್ ಕರೆಯುತ್ತಾರೆ. ಬರುವ ಕೊಟೇಶನ್‌ನಲ್ಲಿ ಏನು ನೋಡಬೇಕೆಂಬುದು ಮಾತ್ರ ಅವರಿಗೆ ಯಾರೂ ಹೇಳಿರುವುದಿಲ್ಲ. ಆ ಕೊರತೆ ಸ್ವಲ್ಪವಾದರೂ ತುಂಬಲಿ ಎಂದು ಈ ಪತ್ರ. ಉದ್ದವಾಗಿದೆ, ಕ್ಷಮಿಸಿ.

ಮಾಮೂಲಿ ರೂಟರ್ ಒಂದರೊಳಗೆ ಎರಡು ಕೆಲಸ ನಡೆಯುತ್ತವೆ. ಯಾವ ವಿಳಾಸಕ್ಕೆ ಯಾವ ದಾರಿ ಎಂದು ಅಕ್ಕಪಕ್ಕದ ರೂಟರ್‌ಗಳೊಡನೆ ಓಎಸ್‌ಪಿಎಫ್, ಬಿಜಿಪಿ ಮೊದಲಾದ ಪ್ರೋಟೊಕಾಲ್‌ಗಳಲ್ಲಿ ಮಾತಾಡಿ ತೀರ್ಮಾನಿಸುವುದು ಒಂದು. ಇದು ಕಂಟ್ರೋಲ್ ಪ್ಲೇನ್. ಆ ತೀರ್ಮಾನದಂತೆ ಬಂದ ಪ್ಯಾಕೆಟ್ಟನ್ನು (ದತ್ತಾಂಶದ ತುಣುಕನ್ನು) ಈ ಪೋರ್ಟಿನಿಂದ ಆ ಪೋರ್ಟಿಗೆ ದಾಟಿಸುವುದು ಇನ್ನೊಂದು; ಇದು ಡೇಟಾ ಪ್ಲೇನ್. ಮೊದಲನೆಯದನ್ನು ಸಾಧಾರಣ ಪ್ರೊಸೆಸರ್ ಮಾಡುತ್ತದೆ, ಎರಡನೆಯದನ್ನು ಅದಕ್ಕೆಂದೇ ಮಾಡಿದ ಚಿಪ್. ಎರಡೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಕಂಪನಿಯ ಬೀಗದೊಳಗೆ ಇರುತ್ತಿದ್ದವು. ಇನ್ನೂರು ಸ್ವಿಚ್ ಇರುವ ಕ್ಯಾಂಪಸ್‌ನಲ್ಲಿ ಒಂದು ನಿಯಮ ಬದಲಿಸಬೇಕೆಂದರೆ ಇನ್ನೂರಕ್ಕೂ ಲಾಗಿನ್ ಆಗಬೇಕು. ನೂರ ತೊಂಬತ್ತೊಂಬತ್ತು ಸರಿಹೋಗಿ ಒಂದು ತಪ್ಪಿದರೆ ಅದನ್ನು ಹುಡುಕಲು ಒಂದು ದಿನ ಬೇಕು.

ಕಂಟ್ರೋಲ್ ಪ್ಲೇನನ್ನು ಪೆಟ್ಟಿಗೆಯಿಂದ ಹೊರತೆಗೆದು, ಸಾಧಾರಣ ಸರ್ವರ್ ಮೇಲೆ ಓಡುವ ಕಂಟ್ರೋಲರ್ ಎಂಬ ತಂತ್ರಾಂಶಕ್ಕೆ ಒಪ್ಪಿಸುವುದೇ ಎಸ್‌ಡಿಎನ್. ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಟಿನ್ ಕಸಾಡೊ, ನಿಕ್ ಮೆಕ್‌ಯೋನ್ ಮತ್ತವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಈಥೇನ್ ಎಂಬ ಕೆಲಸದಿಂದ ಇದು ಕವಲೊಡೆಯಿತು. 2008ರಲ್ಲಿ, ಕಂಟ್ರೋಲರ್ ಸ್ವಿಚ್ಚಿನೊಡನೆ ಮಾತಾಡುವ ಓಪನ್‌ಫ್ಲೋ ಪ್ರೋಟೊಕಾಲ್‌ನ ಪ್ರಬಂಧ ಬಂತು. 2011ರಲ್ಲಿ ಗೂಗಲ್, ಫೇಸ್‌ಬುಕ್, ಮೈಕ್ರೋಸಾಫ್ಟ್, ವೆರೈಝನ್ ಮೊದಲಾದವು ಸೇರಿ ಓಪನ್ ನೆಟ್‌ವರ್ಕಿಂಗ್ ಫೌಂಡೇಶನ್ ಕಟ್ಟಿದವು. ಇತಿಹಾಸ ಇಷ್ಟು ಸಾಕು. ತಿಳಿಯಬೇಕಾದ ವಿಷಯ ಫ್ಲೋ ಟೇಬಲ್‌ನಲ್ಲಿದೆ, ಅಂದರೆ ಸ್ವಿಚ್ಚಿನೊಳಗಿನ ರೂಲ್‌ಗಳ ಪಟ್ಟಿಯಲ್ಲಿ.

ಓಪನ್‌ಫ್ಲೋ ಸ್ವಿಚ್ಚಿನ ಫ್ಲೋ ಟೇಬಲ್‌ನಲ್ಲಿರುವ ಪ್ರತಿ ರೂಲ್‌ಗೂ ಒಂದು ಆದ್ಯತೆಯ ಸಂಖ್ಯೆ, ಹೊಂದಿಕೆಯ ಷರತ್ತು, ಮಾಡಬೇಕಾದ ಕ್ರಿಯೆ, ಎಣಿಕೆ ಮತ್ತು ಬೇಕಿದ್ದರೆ ಅವಧಿ ಇರುತ್ತವೆ. ಒಂದು ಆಸ್ಪತ್ರೆಯನ್ನು ಊಹಿಸಿಕೊಳ್ಳಿ. ಸ್ವಿಚ್ಚಿನ 4ನೇ ಪೋರ್ಟಿನಲ್ಲಿ ಸ್ಕ್ಯಾನ್ ಯಂತ್ರ, 24ನೇ ಪೋರ್ಟಿನ ಆಚೆ ಚಿತ್ರಗಳನ್ನು ಶೇಖರಿಸುವ ಸರ್ವರ್, ಅದರ ವಿಳಾಸ 10.1.5.20. ‘ಸ್ಕ್ಯಾನ್ ಯಂತ್ರ ಆ ಸರ್ವರ್ ಬಿಟ್ಟು ಬೇರೆ ಯಾರೊಂದಿಗೂ ಮಾತಾಡಕೂಡದು’ ಎಂಬುದು ಬೇಡಿಕೆ. ಡೈಕಾಮ್ ಎಂಬ ವೈದ್ಯಕೀಯ ಮಾದರಿಯ ಚಿತ್ರಗಳು ಟಿಸಿಪಿ 104ನೇ ಪೋರ್ಟಿನಲ್ಲಿ ಹೋಗುತ್ತವೆ ಎಂದುಕೊಳ್ಳೋಣ (ಸ್ವಿಚ್ಚಿನ ಪೋರ್ಟ್ ಎಂದರೆ ತಂತಿ ಸಿಕ್ಕಿಸುವ ಜಾಗ, ಟಿಸಿಪಿ ಪೋರ್ಟ್ ಎಂದರೆ ಸೇವೆಯ ಗುರುತಿನ ಸಂಖ್ಯೆ). ಹೊಸಬರು ಎರಡು ರೂಲ್ ಬರೆಯುತ್ತಾರೆ: 4ರಿಂದ ಬಂದು ಆ ಸರ್ವರ್‌ನ 104ಕ್ಕೆ ಹೋಗುವುದನ್ನು 24ಕ್ಕೆ ಬಿಡು, ಆದ್ಯತೆ 200, 4ರಿಂದ ಬರುವ ಬೇರೆಲ್ಲವನ್ನೂ ಎಸೆ, ಆದ್ಯತೆ 100. ಇದು ನಡೆಯುವುದಿಲ್ಲ.

ಕಾರಣ ಮೂರು. ಯಂತ್ರ ಮೊದಲು ಸರ್ವರ್‌ನ ಅಥವಾ ಗೇಟ್‌ವೇಯ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು) ಕೇಳಲು ಎಆರ್‌ಪಿ ಎಂಬ ಸಂದೇಶ ಕಳಿಸುತ್ತದೆ. ಎಆರ್‌ಪಿ ಐಪಿ ಪ್ಯಾಕೆಟ್ ಅಲ್ಲವಾದ್ದರಿಂದ ಮೊದಲ ರೂಲ್‌ಗೆ ಹೊಂದದೆ ಎರಡನೆಯದಕ್ಕೆ ಸಿಕ್ಕಿ ಸಾಯುತ್ತದೆ. ಎರಡನೆಯದಾಗಿ, ರೂಲ್ ಒಂದೇ ದಿಕ್ಕಿನದು. ಸರ್ವರ್‌ನ ಉತ್ತರ ಹಿಂದಿರುಗಲು ಬೇರೆಯೇ ರೂಲ್ ಬೇಕು. ಮೂರನೆಯದಾಗಿ, 4ರಿಂದ ಹೊರಡುವುದನ್ನು ತಡೆದರೆ ಸಾಲದು. ಬೇರೆ ಪೋರ್ಟಿನಿಂದ ಆ ಯಂತ್ರದತ್ತ ಬರುವುದಕ್ಕೆ ಬಾಗಿಲು ತೆರೆದೇ ಇದೆ, ಒಮ್ಮುಖ ಯುಡಿಪಿ ದಾಳಿಗೆ ಉತ್ತರವೂ ಬೇಕಿಲ್ಲ. ಹೀಗೆ ಹೋಗುವುದಕ್ಕೊಂದು, ಬರುವುದಕ್ಕೊಂದು, ಎಆರ್‌ಪಿಗೆ ಎರಡು, ಎಸೆಯುವುದಕ್ಕೆ ಎರಡು. ಬಾಯಲ್ಲಿ ಒಂದು ವಾಕ್ಯವಾದದ್ದು ಸ್ವಿಚ್ಚಿನಲ್ಲಿ ಆರು ರೂಲ್ ಆಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಟಿಸಿಪಿ ಪೋರ್ಟ್ 104 ಎಂದು ಷರತ್ತು ಹಾಕುವಾಗ, ಇದು ಐಪಿ ಪ್ಯಾಕೆಟ್, ಅದರೊಳಗಿರುವುದು ಟಿಸಿಪಿ ಎಂಬುದನ್ನೂ ಅದೇ ರೂಲ್‌ನಲ್ಲಿ ಹೇಳಬೇಕು. ಹೇಳದಿದ್ದರೆ ಕೆಲವು ಸ್ವಿಚ್‌ಗಳು ರೂಲನ್ನೇ ತಿರಸ್ಕರಿಸುತ್ತವೆ, ಅದು ಒಳ್ಳೆಯದು. ಹಳೆಯ ಓಪನ್‌ಫ್ಲೋ ಆವೃತ್ತಿಯಲ್ಲಿ ಪೋರ್ಟ್ ಸಂಖ್ಯೆಯನ್ನಷ್ಟೇ ಬಿಟ್ಟು ಉಳಿದುದನ್ನು ಒಪ್ಪಿಕೊಳ್ಳುವುದೂ ಉಂಟು. ಆಗ ನೀವು ಕಿಂಡಿ ಕೊರೆದೆವು ಅಂದುಕೊಂಡಲ್ಲಿ ಹೆಬ್ಬಾಗಿಲು ತೆರೆದಿರುತ್ತದೆ. ಆದ್ದರಿಂದ ರೂಲ್ ಕಳಿಸಿದ ಮೇಲೆ ಸ್ವಿಚ್ಚಿನಿಂದಲೇ ಟೇಬಲ್ ವಾಪಸ್ ಓದಿಸಿ ನೋಡುವುದನ್ನು ಬಿಡಬಾರದು. ಎಣಿಕೆಯ ಕಾಲಂ ಕೂಡ ಅಲ್ಲೇ ಸಿಗುತ್ತದೆ. ಪಿಂಗ್ ಮಾಡಿದಾಗ ಯಾವ ರೂಲ್‌ನ ಎಣಿಕೆ ಏರಿತು ಎಂದು ನೋಡಿದರೆ ಅರ್ಧ ರೋಗ ಪತ್ತೆಯಾದಂತೆ. ಸಾದಾ ರೂಲ್‌ಗಳಿಗೆ ಸಂಪರ್ಕವನ್ನು ಯಾರು ಶುರುಮಾಡಿದರೆಂಬ ನೆನಪು ಇರುವುದಿಲ್ಲ ಎಂಬುದೂ ತಿಳಿದಿರಲಿ. ಅದು ಬೇಕಿದ್ದರೆ ಓಪನ್ ವಿಸ್ವಿಚ್ ಎಂಬ ತಂತ್ರಾಂಶ ಸ್ವಿಚ್ಚಿನ 2.5ನೇ ಆವೃತ್ತಿಯಿಂದ ಬಂದ ಕನೆಕ್ಷನ್ ಟ್ರ್ಯಾಕಿಂಗ್ ಬಳಸಬೇಕು, ಇಲ್ಲವೇ ಮುಂದೆ ಬೇರೆ ಫೈರ್‌ವಾಲ್ ಇಡಬೇಕು.

ಪುರವಣಿಯ ಬರಹ ಕಂಟ್ರೋಲರನ್ನು ನಗರದ ಟ್ರಾಫಿಕ್ ಕಂಟ್ರೋಲ್ ರೂಮಿಗೆ ಹೋಲಿಸಿತ್ತು. ಹೋಲಿಕೆ ಒಂದು ಜಾಗದಲ್ಲಿ ಕೈಕೊಡುತ್ತದೆ. ಕಂಟ್ರೋಲ್ ರೂಮಿನವರು ಪ್ರತಿ ವಾಹನವನ್ನೂ ಪರದೆಯ ಮೇಲೆ ನೋಡುತ್ತಿರಬಹುದು. ಕಂಟ್ರೋಲರ್ ಮಾತ್ರ ಪ್ಯಾಕೆಟ್‌ಗಳನ್ನು ನೋಡುವುದಿಲ್ಲ, ನೋಡಲೂಬಾರದು. ಯಾವ ರೂಲ್‌ಗೂ ಹೊಂದದ ಪ್ಯಾಕೆಟ್ ಬಂದಾಗ ಮಾತ್ರ ಸ್ವಿಚ್ ಅದನ್ನು ಪ್ಯಾಕೆಟ್-ಇನ್ ಸಂದೇಶವಾಗಿ ಮೇಲೆ ಕಳಿಸಬಹುದು. ಕಂಟ್ರೋಲರ್ ಆಗ ಫ್ಲೋ-ಮಾಡ್ ಸಂದೇಶದಲ್ಲಿ ಹೊಸ ರೂಲ್ ಇಳಿಸುತ್ತದೆ, ಮುಂದಿನ ಪ್ಯಾಕೆಟ್‌ಗಳು ಚಿಪ್‌ನಲ್ಲೇ ದಾಟಿಹೋಗುತ್ತವೆ. ಇದಕ್ಕೆ ರಿಯಾಕ್ಟಿವ್ ವಿಧಾನ ಎನ್ನುತ್ತಾರೆ. ಎಲ್ಲ ಪಠ್ಯಗಳಲ್ಲೂ ಮೊದಲು ಬರುವುದು ಇದೇ, ನಿಜವಾದ ಜಾಲವನ್ನು ಮೊದಲು ಕೆಡವುವುದೂ ಇದೇ. ವೈರಸ್ ಹತ್ತಿದ ಒಂದು ಕಂಪ್ಯೂಟರ್ ಸಾವಿರಾರು ವಿಳಾಸಗಳನ್ನು ತಟ್ಟತೊಡಗಿದರೆ ಪ್ರತಿಯೊಂದೂ ಹೊಸ ಹರಿವೇ, ಪ್ರತಿಯೊಂದಕ್ಕೂ ಒಂದು ಪ್ಯಾಕೆಟ್-ಇನ್. ಸ್ವಿಚ್ಚಿನ ಪುಟ್ಟ ಪ್ರೊಸೆಸರ್ ಮೊದಲು ಸುಸ್ತಾಗುತ್ತದೆ, ಆಮೇಲೆ ಕಂಟ್ರೋಲರ್. ಬೇಕಾದ ರೂಲ್‌ಗಳನ್ನು ಮೊದಲೇ ಇಳಿಸಿಟ್ಟು, ಹೊಂದದ್ದನ್ನು ಎಸೆಯುವ ಪ್ರೊಆಕ್ಟಿವ್ ವಿಧಾನವೇ ಕ್ಷೇಮ. ಆವೃತ್ತಿಗಳ ವ್ಯತ್ಯಾಸವೂ ಇಲ್ಲಿ ಕಾಡುತ್ತದೆ. ಓಪನ್‌ಫ್ಲೋ 1.0ರಲ್ಲಿ ಹೊಂದದ ಪ್ಯಾಕೆಟ್ ಕಂಟ್ರೋಲರ್‌ಗೆ ಹೋಗುತ್ತಿತ್ತು. 1.3ರಲ್ಲಿ ಟೇಬಲ್-ಮಿಸ್ ಎಂಬ ಸೊನ್ನೆ ಆದ್ಯತೆಯ ರೂಲನ್ನು ನೀವೇ ಹಾಕದಿದ್ದರೆ ಅದು ಬಿದ್ದುಹೋಗುತ್ತದೆ. ಹಳೆಯ ಉದಾಹರಣೆ ನಕಲಿಸಿ ‘ಕಂಟ್ರೋಲರ್‌ಗೆ ಏನೂ ಬರುತ್ತಿಲ್ಲ’ ಎಂದು ತಲೆ ಕೆರೆದುಕೊಳ್ಳುವವರಲ್ಲಿ ಬಹುಪಾಲು ಸಿಕ್ಕಿಬೀಳುವುದು ಇಲ್ಲೇ.

ಹಾರ್ಡ್‌ವೇರ್ ಸ್ವಿಚ್ ಈ ರೂಲ್‌ಗಳನ್ನು ಟಿಕ್ಯಾಮ್ ಎಂಬ ದುಬಾರಿ, ವಿದ್ಯುತ್ ಕುಡಿಯುವ ಮೆಮೊರಿಯಲ್ಲಿ ಇಡುತ್ತದೆ. ಅದರಲ್ಲಿ ಜಾಗ ಕಡಿಮೆ, ಎಷ್ಟೋ ಮಾದರಿಗಳಲ್ಲಿ ಕೆಲವೇ ಸಾವಿರ. ಪ್ರತಿ ಹರಿವಿಗೂ ಒಂದು ರೂಲ್ ಎಂಬ ವಿನ್ಯಾಸ ಲ್ಯಾಬಿನಲ್ಲಿ ಸೊಗಸಾಗಿ ನಡೆದು ಹಾಸ್ಟೆಲ್‌ನಲ್ಲಿ ಮೊದಲ ಸಂಜೆಯೇ ಮಗುಚುತ್ತದೆ. ಟೇಬಲ್ ತುಂಬಿದಾಗ ಕೆಲವು ಸ್ವಿಚ್ ‘ಜಾಗವಿಲ್ಲ’ ಎಂಬ ದೋಷ ಹಿಂದಿರುಗಿಸುತ್ತವೆ, ಕೆಲವು ಹೆಚ್ಚಾದ ರೂಲ್‌ಗಳನ್ನು ಪ್ರೊಸೆಸರ್‌ನಲ್ಲಿ ನಡೆಸಲು ಹೋಗಿ ತೆವಳುತ್ತವೆ. ಕೊಳ್ಳುವ ಮುನ್ನ ಮಾರಾಟಗಾರರಿಂದ ಬರೆಸಿಕೊಳ್ಳಬೇಕಾದ ಮೊದಲ ಅಂಕಿ ಇದು: ಐಪಿ ಮತ್ತು ಪೋರ್ಟ್ ಎರಡನ್ನೂ ಹೊಂದಿಸುವ ರೂಲ್‌ಗಳು ಹಾರ್ಡ್‌ವೇರ್‌ನಲ್ಲಿ ಎಷ್ಟು ಹಿಡಿಯುತ್ತವೆ, ಸೆಕೆಂಡಿಗೆ ಎಷ್ಟು ರೂಲ್ ಸೇರಿಸಬಹುದು, ತುಂಬಿದಾಗ ಏನಾಗುತ್ತದೆ.

ಕಂಟ್ರೋಲರ್ ಸತ್ತರೆ? ಎಸ್‌ಡಿಎನ್ ಬಗ್ಗೆ ಮಾತಾಡುವವರು ಜಾರಿಕೊಳ್ಳುವ ಪ್ರಶ್ನೆ ಇದು, ಆದರೆ ಉತ್ತರ ಖಚಿತವಾಗಿದೆ. ಸ್ವಿಚ್ಚಿನಲ್ಲಿ ಎರಡು ಬಗೆ ಇಡಬಹುದು. ಸೆಕ್ಯೂರ್ ಎಂದಿಟ್ಟರೆ ಇದ್ದ ರೂಲ್‌ಗಳಂತೆ ಓಡುತ್ತಿರುತ್ತದೆ, ಹೊಸದು ಕಲಿಯುವುದಿಲ್ಲ. ಸ್ಟ್ಯಾಂಡ್‌ಅಲೋನ್ ಎಂದಿಟ್ಟರೆ ಕೊಟ್ಟ ರೂಲ್‌ಗಳನ್ನು ಬದಿಗಿಟ್ಟು ಸಾದಾ ಸ್ವಿಚ್ಚಿನಂತೆ ವರ್ತಿಸುತ್ತದೆ. ಮೇಲಿನ ಆಸ್ಪತ್ರೆಯಲ್ಲಿ ಎರಡನೆಯದಿದ್ದರೆ ಕಂಟ್ರೋಲರ್ ಬಿದ್ದ ಸ್ವಲ್ಪ ಹೊತ್ತಿನಲ್ಲೇ ಸ್ಕ್ಯಾನ್ ಯಂತ್ರ ಇಡೀ ಕಟ್ಟಡಕ್ಕೆ ತೆರೆದುಕೊಳ್ಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಎಲ್ಲವೂ ‘ನಡೆಯುತ್ತಿದೆ’. ಸೆಕ್ಯೂರ್ ಇಟ್ಟವರು ರೂಲ್‌ಗಳ ಅವಧಿ ನೋಡಿಕೊಳ್ಳಬೇಕು. ಹಾರ್ಡ್ ಟೈಮ್‌ಔಟ್ 300 ಸೆಕೆಂಡ್ ಎಂದಿದ್ದರೆ ಕಂಟ್ರೋಲರ್ ಹೋದ ಐದು ನಿಮಿಷದೊಳಗೆ ರೂಲ್‌ಗಳು ಒಂದೊಂದಾಗಿ ಉದುರಿ ಜಾಲ ನಿಲ್ಲುತ್ತದೆ. ಬಿದ್ದ ಹೊತ್ತಿಗೂ ನಿಂತ ಹೊತ್ತಿಗೂ ಇರುವ ಈ ಅಂತರದಿಂದಾಗಿ ಕಾರಣ ಹುಡುಕುವವರು ದಾರಿ ತಪ್ಪುತ್ತಾರೆ.

ಕಂಟ್ರೋಲರ್ ಎಷ್ಟಿರಬೇಕು ಎಂಬುದಕ್ಕೂ ಲೆಕ್ಕವಿದೆ. ಓನೋಸ್, ಓಪನ್‌ಡೇಲೈಟ್‌ನಂಥ ಕಂಟ್ರೋಲರ್‌ಗಳು ಕ್ಲಸ್ಟರ್‌ನಲ್ಲಿ (ಗುಂಪಾಗಿ ಓಡುವಾಗ) ಬಹುಮತದಿಂದ ತೀರ್ಮಾನಿಸುತ್ತವೆ. ಮೂರಿದ್ದರೆ ಒಂದು ಬೀಳಬಹುದು, ಐದಿದ್ದರೆ ಎರಡು. ಎರಡೇ ಇಟ್ಟರೆ ಒಂದು ಬಿದ್ದಾಗ ಉಳಿದದ್ದಕ್ಕೆ ಬಹುಮತವಿಲ್ಲ. ಒಂದಕ್ಕೆ ಕೊಡುವ ದುಡ್ಡಿನ ಎರಡರಷ್ಟು ಕೊಟ್ಟು ಒಂದಕ್ಕಿಂತ ಕಡಿಮೆ ಭದ್ರತೆ ಪಡೆದಂತೆ. ಮೂರನ್ನೂ ಒಂದೇ ಭೌತಿಕ ಸರ್ವರ್ ಮೇಲೆ ಮೂರು ವರ್ಚುವಲ್ ಯಂತ್ರಗಳಾಗಿ (ತಂತ್ರಾಂಶದಲ್ಲೇ ಎಬ್ಬಿಸಿದ ಕಂಪ್ಯೂಟರ್‌ಗಳಾಗಿ) ಕೂರಿಸಿ ‘ಹೈ ಅವೈಲಬಿಲಿಟಿ’ ಎಂದು ಬಿಲ್ ಮಾಡುವವರೂ ಇದ್ದಾರೆ. ಸ್ವಿಚ್ಚಿನಿಂದ ಕಂಟ್ರೋಲರ್‌ಗೆ ಹೋಗುವ ದಾರಿ ಬೇರೆ ತಂತಿಯಲ್ಲಿರಲಿ. ಸೇವೆಯ ತಂತಿಯಲ್ಲೇ ಅದೂ ಸಾಗಿದರೆ ಒಂದು ತಪ್ಪು ರೂಲ್ ಕಂಟ್ರೋಲರ್‌ನ ಸಂಪರ್ಕವನ್ನೇ ಕಡಿದು, ತಿದ್ದುವ ದಾರಿಯೂ ಇಲ್ಲದಂತೆ ಮಾಡುತ್ತದೆ. 6653ನೇ ಪೋರ್ಟಿನ ಆ ಸಂಪರ್ಕಕ್ಕೆ ಟಿಎಲ್‌ಎಸ್ ಗೂಢಲಿಪೀಕರಣ ಹಾಕದೆ ಬಿಡುವುದು, ಕಂಟ್ರೋಲರ್‌ನ ಆರಂಭಿಕ ಪಾಸ್‌ವರ್ಡ್ ಬದಲಿಸದಿರುವುದು ಇವೆರಡೂ ಮಾಮೂಲಿ. ಓಪನ್‌ಡೇಲೈಟ್‌ನಲ್ಲಿ ಆರಂಭದ ಹೆಸರೂ ಪಾಸ್‌ವರ್ಡೂ ಎರಡೂ ‘ಅಡ್ಮಿನ್’. ಇಡೀ ಜಾಲದ ಕೀಲಿ ಅದು.

ಎಸ್‌ಡಿಎನ್ ಗೆದ್ದ ಜಾಗ ನೋಡಬೇಕಿದ್ದರೆ ಗೂಗಲ್‌ನ ಬಿ4 ಜಾಲ. ತನ್ನ ದತ್ತಾಂಶ ಕೇಂದ್ರಗಳನ್ನು ಜೋಡಿಸುವ ಈ ಜಾಲದ ವಿವರವನ್ನು ಕಂಪನಿಯೇ 2013ರಲ್ಲಿ ಪ್ರಕಟಿಸಿತು. ಸಾಮಾನ್ಯವಾಗಿ ದೂರದ ಕೊಂಡಿಗಳನ್ನು ಶೇ 30–40ರಷ್ಟೇ ತುಂಬಿಸಿ, ಉಳಿದದ್ದನ್ನು ಅಡಚಣೆ ಬಂದಾಗಕ್ಕೆಂದು ಖಾಲಿ ಇಡುತ್ತಾರೆ. ಬಿ4ನಲ್ಲಿ ಹಲವು ಕೊಂಡಿಗಳು ಹೆಚ್ಚುಕಡಿಮೆ ಪೂರ್ತಿ ತುಂಬಿ ಓಡಿದವು, ದೀರ್ಘಾವಧಿಯ ಸರಾಸರಿ ಶೇ 70. ಇದು ಸಾಧ್ಯವಾದದ್ದು ಎರಡೂ ತುದಿ ಅವರದ್ದೇ ಆದ್ದರಿಂದ. ಯಾವ ಕೆಲಸ ಈಗಲೇ ಹೋಗಬೇಕು, ಯಾವ ಬ್ಯಾಕಪ್ ಕಾಯಬಹುದು ಎಂದು ಅವರಿಗೆ ಗೊತ್ತು. ಕೊಂಡಿ ಕಡಿದಾಗ ಕಾಯಬಹುದಾದದ್ದನ್ನು ತಡೆದು ಉಳಿದುದಕ್ಕೆ ಜಾಗ ಮಾಡುತ್ತಾರೆ. ಗಿರಾಕಿಗಳು ಏನು ಕಳಿಸುತ್ತಾರೋ ತಿಳಿಯದ ಇಂಟರ್‌ನೆಟ್ ಸೇವಾದಾರನಿಗೆ ಈ ಸೌಲಭ್ಯವಿಲ್ಲ. ಅದೇ ಪ್ರಬಂಧದಲ್ಲಿ ದೊಡ್ಡ ಅಡಚಣೆಯೊಂದರ ವಿವರವೂ ಇದೆ. ಯೋಜಿತ ನಿರ್ವಹಣೆಯ ವೇಳೆ ಹೊಸ ಸ್ವಿಚ್ ಒಂದಕ್ಕೆ ಕೈಯಾರೆ ಕೊಟ್ಟ ಗುರುತಿನ ಸಂಖ್ಯೆ ಈಗಾಗಲೇ ಇದ್ದ ಇನ್ನೊಂದರದ್ದೇ ಆಗಿತ್ತು. ಕೊಂಡಿಗಳು ಏಳುತ್ತ ಬೀಳುತ್ತ ಕಂಟ್ರೋಲ್ ಸಂದೇಶಗಳು ಗಂಟುಬಿದ್ದವು. ಅಷ್ಟು ಬಲ್ಲವರು ಅದನ್ನು ಬರೆದು ಪ್ರಕಟಿಸಿದ್ದಾರೆ. ನಮ್ಮಲ್ಲಿ ಮಾರುವವರ ಸ್ಲೈಡ್‌ಗಳಲ್ಲಿ ಶೇ 70 ಮಾತ್ರ ಕಾಣುತ್ತದೆ.

ಓಪನ್‌ಫ್ಲೋ ಎಂಬ ಪ್ರೋಟೊಕಾಲ್ ನಿರೀಕ್ಷೆಯಷ್ಟು ಹರಡಲಿಲ್ಲ ಎಂಬುದನ್ನೂ ವಿದ್ಯಾರ್ಥಿಗಳಿಗೆ ಹೇಳಬೇಕು. ದತ್ತಾಂಶ ಕೇಂದ್ರಗಳಲ್ಲಿ ನೆಲೆನಿಂತದ್ದು ಹೆಚ್ಚಾಗಿ ವಿಎಕ್ಸ್‌ಲ್ಯಾನ್ ಹೊದಿಕೆ (ಒಂದು ಪ್ಯಾಕೆಟ್ಟನ್ನು ಇನ್ನೊಂದರೊಳಗೆ ಸುತ್ತಿ ಕಳಿಸುವುದು), ಅದರ ಹಿಂದೆ ಯಾವ ವಿಳಾಸ ಎಲ್ಲಿದೆ ಎಂದು ಹಂಚುವ ಬಿಜಿಪಿ ಇವಿಪಿಎನ್. ಶಾಖಾ ಕಚೇರಿಗಳಲ್ಲಿ, ದೂರದ ಕೊಂಡಿಗಳನ್ನು ತಂತ್ರಾಂಶದಿಂದ ಆಳುವ ಎಸ್‌ಡಿ-ವ್ಯಾನ್. ಜಾಲವನ್ನು ಬೇರೆ ಬೇರೆ ಭಾಗ ಮಾಡುವ ಹಳೆಯ ವಿಲ್ಯಾನ್‌ನ ಗುರುತಿಗೆ 12 ಬಿಟ್, ಬಳಕೆಗೆ ಸಿಗುವುದು 4094 ಸಂಖ್ಯೆ; ವಿಎಕ್ಸ್‌ಲ್ಯಾನ್‌ಗೆ 24 ಬಿಟ್, 1.6 ಕೋಟಿಗೂ ಹೆಚ್ಚು. ಬೆಲೆಯಾಗಿ ಪ್ರತಿ ಪ್ಯಾಕೆಟ್ಟಿಗೂ 50 ಬೈಟ್ ಹೊರೆ: ಹೊರಗಿನ ಐಪಿಗೆ 20, ಯುಡಿಪಿಗೆ 8, ವಿಎಕ್ಸ್‌ಲ್ಯಾನ್‌ಗೆ 8, ಒಳಗಿನ ಈಥರ್ನೆಟ್‌ಗೆ 14. ‘ಪಿಂಗ್ ಹೋಗುತ್ತದೆ, ಲಾಗಿನ್ ಪುಟ ಬರುತ್ತದೆ, ದೊಡ್ಡ ಫೈಲ್ ಮಾತ್ರ ನೇತಾಡುತ್ತದೆ’ ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಈ ಐವತ್ತು ಬೈಟ್. ಕೆಳಗಿನ ಜಾಲದ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಬೈಟ್) 1500ರಲ್ಲೇ ಇದ್ದರೆ ಒಳಗಿನ ಪ್ಯಾಕೆಟ್ 1450 ಮೀರಬಾರದು. ತುಂಡು ಮಾಡಬೇಡ ಎಂಬ ಗುರುತಿನೊಂದಿಗೆ ಪಿಂಗ್ ಕಳಿಸಿ: 1422 ಬೈಟ್ ಹೋಗಿ 1423 ನಿಂತರೆ ರೋಗ ಇದೇ (ಉಳಿದ 28 ಬೈಟ್ ಪಿಂಗ್ ಪ್ಯಾಕೆಟ್ಟಿನ ತಲೆಬರಹ). ಹೊರಗಿನ ಸ್ವಿಚ್‌ಗಳಲ್ಲೆಲ್ಲ ಎಂಟಿಯು ಏರಿಸುವುದು ಸರಿಯಾದ ಮದ್ದು. 9000ಕ್ಕೆ ಏರಿಸಿದರೆ ಮತ್ತೆ ಯೋಚಿಸಬೇಕಿಲ್ಲ. ದಾರಿಯಲ್ಲಿ ಒಂದೇ ಒಂದು ಸ್ವಿಚ್ ಬಿಟ್ಟುಹೋದರೂ ಫಲವಿಲ್ಲ.

ಇನ್ನು ಎನ್‌ಎಫ್‌ವಿ. ಇದರ ಹುಟ್ಟು ಬೇರೆ, ಹುಟ್ಟಿಸಿದವರೂ ಬೇರೆ. 2012ರ ಅಕ್ಟೋಬರ್‌ನಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಎಟಿ ಅಂಡ್ ಟಿ, ಬಿಟಿ, ಡಾಯ್ಚ್ ಟೆಲಿಕಾಂ, ಟೆಲಿಫೋನಿಕಾ ಮೊದಲಾದ ದೂರಸಂಪರ್ಕ ಕಂಪನಿಗಳು ಒಟ್ಟಾಗಿ ಒಂದು ಶ್ವೇತಪತ್ರ ಹೊರಡಿಸಿದವು. ಫೈರ್‌ವಾಲ್‌ಗೊಂದು, ನ್ಯಾಟ್‌ಗೊಂದು (ವಿಳಾಸ ಬದಲಿಸುವುದಕ್ಕೆ), ಮೊಬೈಲ್ ಕೋರ್‌ಗೆ (ಮೊಬೈಲ್ ಜಾಲದ ಕೇಂದ್ರ ಭಾಗಕ್ಕೆ) ಹಲವು ಎಂದು ಪೆಟ್ಟಿಗೆಗಳನ್ನು ಕೊಂಡು ಕೊಂಡು ಸಾಕಾಗಿದೆ, ಇವನ್ನೆಲ್ಲ ಸಾಧಾರಣ ಸರ್ವರ್‌ಗಳ ಮೇಲೆ ತಂತ್ರಾಂಶವಾಗಿ ಓಡಿಸೋಣ ಎಂಬುದು ಅದರ ಸಾರ. ಯುರೋಪಿನ ದೂರಸಂಪರ್ಕ ಮಾನಕ ಸಂಸ್ಥೆ ಎಟ್ಸಿ ಅದಕ್ಕೆ ಚೌಕಟ್ಟು ಹಾಕಿತು. ಎಸ್‌ಡಿಎನ್ ಇಲ್ಲದೆ ಎನ್‌ಎಫ್‌ವಿ ನಡೆಯುತ್ತದೆ, ಎನ್‌ಎಫ್‌ವಿ ಇಲ್ಲದೆ ಎಸ್‌ಡಿಎನ್ ನಡೆಯುತ್ತದೆ. ಒಂದು ತೀರ್ಮಾನ ಮಾಡುವ ಜಾಗವನ್ನು ಸ್ಥಳಾಂತರಿಸುತ್ತದೆ, ಇನ್ನೊಂದು ಕೆಲಸ ಓಡುವ ಯಂತ್ರವನ್ನು ಬದಲಿಸುತ್ತದೆ.

ಎನ್‌ಎಫ್‌ವಿಯ ಕಷ್ಟವೆಲ್ಲ ಒಂದು ಸಣ್ಣ ಭಾಗಾಕಾರದಲ್ಲಿದೆ. ಈಥರ್ನೆಟ್‌ನ ಅತಿ ಚಿಕ್ಕ ಫ್ರೇಮ್ 64 ಬೈಟ್; ತಂತಿಯ ಮೇಲೆ ಮುನ್ನುಡಿ ಮತ್ತು ಅಂತರ ಸೇರಿ 84. ಹತ್ತು ಗಿಗಾಬಿಟ್ ಕೊಂಡಿಯಲ್ಲಿ ಇಂಥವು ಸೆಕೆಂಡಿಗೆ 1.488 ಕೋಟಿ ಬರಬಹುದು, ಅಂದರೆ ಪ್ರತಿಯೊಂದಕ್ಕೂ 67.2 ನ್ಯಾನೊಸೆಕೆಂಡ್. ಮೂರು ಗಿಗಾಹರ್ಟ್ಸ್ ಪ್ರೊಸೆಸರ್‌ಗೆ ಅದು ಸುಮಾರು ಇನ್ನೂರು ಸೈಕಲ್. ಮುಖ್ಯ ಮೆಮೊರಿಯಿಂದ ಒಮ್ಮೆ ಓದಿ ತರುವುದಕ್ಕೇ ಹೆಚ್ಚುಕಡಿಮೆ ಅಷ್ಟು ಸಮಯ ಹೋಗುತ್ತದೆ. ಪ್ರತಿ ಪ್ಯಾಕೆಟ್ಟಿಗೂ ಇಂಟರಪ್ಟ್, ಕರ್ನಲ್ (ಕಾರ್ಯವ್ಯವಸ್ಥೆಯ ತಿರುಳು), ನಕಲು ಎಂದು ಸಾಗುವ ಲಿನಕ್ಸ್‌ನ ಮಾಮೂಲಿ ದಾರಿಗೆ ಈ ವೇಗ ಎಟಕುವುದಿಲ್ಲ.

ಆದ್ದರಿಂದ ಡಿಪಿಡಿಕೆ ಬಂತು. ಇದು ಕರ್ನಲನ್ನು ದಾಟಿ ನೆಟ್‌ವರ್ಕ್ ಕಾರ್ಡನ್ನು ನೇರ ಕೇಳುತ್ತಲೇ ಇರುವ ತಂತ್ರಾಂಶ ಲೈಬ್ರರಿ. ಇಲ್ಲಿ ತಿಳಿಯದವರು ಎಡವುವ ಜಾಗಗಳು ಹಲವು. ಡಿಪಿಡಿಕೆಗೆ ಕೊಟ್ಟ ಕೋರ್ ಒಂದು ಪ್ಯಾಕೆಟ್ಟೂ ಬಾರದಿದ್ದರೂ ಶೇ 100 ಎಂದೇ ತೋರಿಸುತ್ತದೆ, ಅದು ರೋಗವಲ್ಲ. ವಿದ್ಯುತ್ ಬಿಲ್ಲಿನಲ್ಲಿ ಮಾತ್ರ ಅದು ನಿಜವೇ. ಮೆಮೊರಿಯನ್ನು 4 ಕಿಲೋಬೈಟ್ ಪುಟಗಳ ಬದಲು 2 ಮೆಗಾಬೈಟ್ ಅಥವಾ 1 ಗಿಗಾಬೈಟ್ ಪುಟಗಳಲ್ಲಿ ಕೊಡಬೇಕು. ಒಂದು ಗಿಗಾಬೈಟಿನವನ್ನು ಬೂಟ್ ಆಗುವಾಗಲೇ ಕಾದಿರಿಸುವುದು ಒಳ್ಳೆಯದು, ಯಂತ್ರ ಹಲವು ದಿನ ಓಡಿದ ಮೇಲೆ ಅಷ್ಟು ದೊಡ್ಡ ಒಡೆಯದ ಜಾಗ ಸಿಗುವುದು ಕಷ್ಟ. ಎರಡು ಸಾಕೆಟ್ ಇರುವ ಸರ್ವರ್‌ನಲ್ಲಿ ಕಾರ್ಡ್ ಒಂದು ಸಾಕೆಟ್‌ಗೆ ಅಂಟಿ, ವರ್ಚುವಲ್ ಯಂತ್ರದ ಕೋರ್‌ಗಳು ಇನ್ನೊಂದರಲ್ಲಿದ್ದರೆ ಪ್ರತಿ ಪ್ಯಾಕೆಟ್ಟೂ ಸೇತುವೆ ದಾಟಬೇಕು. ವೇಗ ಕುಸಿಯುತ್ತದೆ, ಲಾಗ್‌ನಲ್ಲಿ ಒಂದು ಸಾಲೂ ಸಿಗುವುದಿಲ್ಲ. ಕೋರ್‌ಗಳನ್ನು ಪಿನ್ ಮಾಡದೆ (ಒಂದೇ ಕೆಲಸಕ್ಕೆ ಕಟ್ಟಿಹಾಕದೆ) ಬಿಟ್ಟರೆ, ಒಂದೇ ಕೋರಿನ ಎರಡು ಹೈಪರ್‌ಥ್ರೆಡ್‌ಗಳನ್ನು ಎರಡು ಭಾರಿ ಕೆಲಸಕ್ಕೆ ಕೊಟ್ಟರೆ, ಬಯೋಸ್‌ನಲ್ಲಿ ವಿದ್ಯುತ್ ಉಳಿತಾಯ ಚಾಲೂ ಇದ್ದರೆ ಸರಾಸರಿ ಚೆನ್ನಾಗಿಯೇ ಕಾಣಿಸಿ ಆಗಾಗ ಪ್ಯಾಕೆಟ್ ಉದುರುತ್ತವೆ. ಎಸ್‌ಆರ್-ಐಒವಿ ಬಳಸಿ ಕಾರ್ಡಿನ ತುಂಡನ್ನೇ ವರ್ಚುವಲ್ ಯಂತ್ರಕ್ಕೆ ಕೊಟ್ಟರೆ ವೇಗ ಬರುತ್ತದೆ; ಆದರೆ ಪ್ಯಾಕೆಟ್‌ಗಳು ವರ್ಚುವಲ್ ಸ್ವಿಚ್ಚನ್ನು ಮುಟ್ಟದೆ ಹೋಗುವುದರಿಂದ ಅಲ್ಲಿ ಬರೆದ ಭದ್ರತಾ ನಿಯಮಗಳು ಅನ್ವಯಿಸುವುದಿಲ್ಲ, ಓಡುತ್ತಿರುವ ಯಂತ್ರವನ್ನು ಬೇರೆ ಸರ್ವರ್‌ಗೆ ಸಾಗಿಸುವುದೂ ತೊಡಕಾಗುತ್ತದೆ.

ಬ್ರೋಷರ್‌ನ ಮಾತಿಗೆ ಬರೋಣ. ‘10 ಗಿಗಾಬಿಟ್ ವರ್ಚುವಲ್ ಫೈರ್‌ವಾಲ್’ ಎಂದು ಬರೆದಿದ್ದರೆ ಯಾವ ಗಾತ್ರದ ಫ್ರೇಮ್‌ನಲ್ಲಿ ಎಂದು ಕೇಳಿ. 1518 ಬೈಟಿನ ಫ್ರೇಮ್‌ಗಳಾದರೆ ಸೆಕೆಂಡಿಗೆ ಸುಮಾರು 8.1 ಲಕ್ಷ ದಾಟಿಸಿದರೆ ಸಾಕು. 64 ಬೈಟಿನಲ್ಲಿ ಅದರ ಹದಿನೆಂಟು ಪಟ್ಟು ಬೇಕು. ಕಚೇರಿಯ ನಿಜವಾದ ಸಂಚಾರ ಇವೆರಡರ ನಡುವೆ ಎಲ್ಲೋ ಇರುತ್ತದೆ, ಧ್ವನಿ ಕರೆಗಳು ಹೆಚ್ಚಿದ್ದರೆ ಚಿಕ್ಕದರತ್ತ ವಾಲುತ್ತದೆ. ಆರ್‌ಎಫ್‌ಸಿ 2544 ಎಂಬ 1999ರ ದಾಖಲೆ 64ರಿಂದ 1518ರವರೆಗೆ ಏಳು ಗಾತ್ರಗಳಲ್ಲಿ ಅಳೆಯಲು ಹೇಳುತ್ತದೆ. ಏಳರ ಫಲಿತಾಂಶವನ್ನೂ, ರೂಲ್‌ಗಳು, ನ್ಯಾಟ್, ಲಾಗಿಂಗ್ ಎಲ್ಲ ಚಾಲೂ ಇದ್ದಾಗಿನದನ್ನೇ, ಕೇಳಿ ಪಡೆಯಬೇಕು.

ಖರ್ಚು ಇಳಿಯುತ್ತದೆ ಎಂಬ ಮಾತು ಅರ್ಧ ಸತ್ಯ. ಪೆಟ್ಟಿಗೆಯ ಬೆಲೆ ಹೋಗಿ ಪರವಾನಗಿಯ ಬೆಲೆ ಬರುತ್ತದೆ, ಅದೂ ವೇಗಕ್ಕಿಷ್ಟು, ಕೋರ್‌ಗಿಷ್ಟು ಎಂದು. 2023ರ ಕೊನೆಯಲ್ಲಿ ಬ್ರಾಡ್‌ಕಾಮ್ ಕೈಗೆ ಹೋದ, ವರ್ಚುವಲ್ ಯಂತ್ರಗಳ ತಂತ್ರಾಂಶ ಮಾಡುವ ವಿಎಂವೇರ್ ಒಮ್ಮೆ ಕೊಂಡರಾಯಿತು ಎಂಬ ಪರವಾನಗಿಗಳ ಮಾರಾಟ ನಿಲ್ಲಿಸಿ ಚಂದಾ ಪದ್ಧತಿಗೆ ಹೊರಳಿದಾಗ, ಅದರ ಮೇಲೆ ಎನ್‌ಎಫ್‌ವಿ ಕಟ್ಟಿದವರ ಲೆಕ್ಕಾಚಾರವೂ ತಲೆಕೆಳಗಾಯಿತು. ಮತ್ತೊಂದು ಖರ್ಚು ಯಾವ ಕೊಟೇಶನ್‌ನಲ್ಲೂ ಇರುವುದಿಲ್ಲ. ಪೆಟ್ಟಿಗೆ ಕೆಟ್ಟರೆ ಒಂದೇ ಕಂಪನಿಗೆ ಫೋನ್ ಮಾಡಿದರಾಗಿತ್ತು. ಈಗ ಸರ್ವರ್ ಒಬ್ಬರದು, ಕಾರ್ಡಿನ ಡ್ರೈವರ್ ಇನ್ನೊಬ್ಬರದು, ವರ್ಚುವಲ್ ಯಂತ್ರಗಳನ್ನು ಓಡಿಸುವ ಹೈಪರ್‌ವೈಸರ್ ಮತ್ತೊಬ್ಬರದು, ಫೈರ್‌ವಾಲ್ ಮಗದೊಬ್ಬರದು. ಒಬ್ಬೊಬ್ಬರೂ ‘ನಮ್ಮದು ಸರಿಯಾಗಿದೆ’ ಎಂದು ಮುಂದಿನವರತ್ತ ಬೆರಳು ತೋರುತ್ತಾರೆ.

ಎರಡೂ ತಂತ್ರಗಳು ಕೂಡುವ ಜಾಗ ಸರ್ವಿಸ್ ಚೈನಿಂಗ್: ಸಂಚಾರವನ್ನು ಎಸ್‌ಡಿಎನ್ ಮೂಲಕ ಮೊದಲು ಫೈರ್‌ವಾಲ್, ಆಮೇಲೆ ದಾಳಿಪತ್ತೆ, ಆಮೇಲೆ ನ್ಯಾಟ್ ಎಂಬ ತಂತ್ರಾಂಶಗಳ ಸಾಲಿನಲ್ಲಿ ಹಾಯಿಸುವುದು. ಹೋಗುವಾಗ ಫೈರ್‌ವಾಲ್ ದಾಟಿ, ಬರುವಾಗ ಬೇರೆ ದಾರಿಯಲ್ಲಿ ಬಂದರೆ ಫೈರ್‌ವಾಲ್ ಅರ್ಧ ಸಂಭಾಷಣೆಯನ್ನಷ್ಟೇ ಕೇಳಿ ಸಂಪರ್ಕ ಕಡಿಯುತ್ತದೆ. ಭಾರ ಹೆಚ್ಚಾಯಿತೆಂದು ಎರಡನೇ ಫೈರ್‌ವಾಲ್ ಎಬ್ಬಿಸಿದಾಗ ಹಳೆಯ ಸಂಪರ್ಕಗಳನ್ನು ಅದಕ್ಕೆ ತಿರುಗಿಸಿದರೂ ಇದೇ ಫಲ, ಹೊಸದಕ್ಕೆ ಹಳೆಯ ಸಂಪರ್ಕಗಳ ನೆನಪಿಲ್ಲ.

ಇದೆಲ್ಲ ದೂರದ ಮಾತೆಂದು ಓದುಗರು ಭಾವಿಸಬೇಕಿಲ್ಲ. ಮೊಬೈಲ್ ಮಾನಕ ರೂಪಿಸುವ 3ಜಿಪಿಪಿಯ ರಿಲೀಸ್ 15ರಿಂದ ಬಂದ 5ಜಿ ಕೋರ್‌ನ ಎಎಂಎಫ್, ಎಸ್‌ಎಂಎಫ್, ಯುಪಿಎಫ್ ಮೊದಲಾದ ಭಾಗಗಳನ್ನು ತಂತ್ರಾಂಶವಾಗಿಯೇ ಓಡಿಸಲು ಅನುವಾಗುವಂತೆ ವಿನ್ಯಾಸಗೊಳಿಸಲಾಗಿದೆ, ಈಗ ಹೆಚ್ಚಾಗಿ ವರ್ಚುವಲ್ ಯಂತ್ರಗಳ ಬದಲು ಕಂಟೈನರ್ ಎಂಬ ಹಗುರ ಪೊಟ್ಟಣಗಳಲ್ಲಿ. ಭಾರತದಲ್ಲಿ 5ಜಿ ಆರಂಭವಾದದ್ದು 2022ರ ಅಕ್ಟೋಬರ್ 1ರಂದು. ಜಪಾನಿನಲ್ಲಿ 2020ರಲ್ಲಿ ಸೇವೆ ಶುರುಮಾಡಿದ ರಕುಟೆನ್ ಮೊಬೈಲ್ ಜಾಲವನ್ನು ಮೊದಲಿನಿಂದಲೇ ಹೀಗೆ ಕಟ್ಟಿತು. ಇಂಥ ಜಾಲಗಳ ತಂತ್ರಾಂಶದಲ್ಲಿ ದೊಡ್ಡ ಪಾಲು ಬರೆಯುವವರು, ಪರೀಕ್ಷಿಸುವವರು ಬೆಂಗಳೂರಿನಲ್ಲೇ ಕೂತಿದ್ದಾರೆ.

ಹಾಗಿದ್ದೂ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪರೀಕ್ಷೆಯಲ್ಲಿ ‘ಎಸ್‌ಡಿಎನ್‌ನ ಮೂರು ಪದರಗಳನ್ನು ಅಂದವಾದ ಚಿತ್ರದೊಂದಿಗೆ ವಿವರಿಸಿ’ ಎಂಬ ಪ್ರಶ್ನೆಯೇ ಮರಳಿ ಬರುತ್ತದೆ. ಚಿತ್ರ ಅಂದವಾಗಿಯೇ ಬರುತ್ತದೆ, ರೂಲ್ ಬರೆಯಲು ಬರುವುದಿಲ್ಲ. ಲ್ಯಾಬಿಗೆ ದುಡ್ಡಿಲ್ಲ ಎಂಬ ನೆವ ಇಲ್ಲಿ ನಿಲ್ಲುವುದಿಲ್ಲ. ಮಿನಿನೆಟ್ ಎಂಬ ಉಚಿತ ತಂತ್ರಾಂಶ ಒಂದು ಲ್ಯಾಪ್‌ಟಾಪಿನೊಳಗೆ ಹತ್ತಾರು ಸ್ವಿಚ್, ಹೋಸ್ಟ್‌ಗಳ ಜಾಲ ಎಬ್ಬಿಸುತ್ತದೆ. ಉಬುಂಟು ಇರುವ ವರ್ಚುವಲ್ ಯಂತ್ರ ಸಾಕು. ಒಂದು ಸ್ವಿಚ್, ಮೂರು ಹೋಸ್ಟ್, ಹೊರಗಿನ ಕಂಟ್ರೋಲರ್ ಎಂದು ಹೇಳಿ, ಕಂಟ್ರೋಲರನ್ನು ಮಾತ್ರ ಶುರುಮಾಡಬೇಡಿ. ಪಿಂಗ್ ಹೋಗುವುದಿಲ್ಲ. ಮೇಲಿನ ಆಸ್ಪತ್ರೆಯ ಆರು ರೂಲ್‌ಗಳನ್ನು ಕೈಯಾರೆ ಒಂದೊಂದಾಗಿ ಹಾಕುತ್ತ, ಯಾವುದರ ನಂತರ ಏನು ಹೋಯಿತು ಎಂದು ಬರೆದುಕೊಳ್ಳಿ. ಆಮೇಲೆ ಮೂರು ಸ್ವಿಚ್‌ಗಳನ್ನು ಉಂಗುರದಂತೆ ಜೋಡಿಸಿ, ವಿಳಾಸ ಕಲಿಯುವ ಸಾದಾ ಪ್ರೋಗ್ರಾಂ ಓಡಿಸಿ: ಮೊದಲ ಎಆರ್‌ಪಿಯೇ ಸುತ್ತುತ್ತ ಬಿರುಗಾಳಿಯಾಗಿ ಲ್ಯಾಪ್‌ಟಾಪಿನ ಫ್ಯಾನ್ ಕೂಗತೊಡಗುತ್ತದೆ. ಉಂಗುರ ಕಡಿಯುವ ಸ್ಪ್ಯಾನಿಂಗ್ ಟ್ರೀ ಏಕಿತ್ತು ಎಂದು ಆಗ ತಿಳಿಯುತ್ತದೆ. ಮಧ್ಯೆ ಕಂಟ್ರೋಲರ್ ಕೊಂದು ಎರಡೂ ಬಗೆಯಲ್ಲಿ ಏನಾಗುತ್ತದೆಂದು ನೋಡಬಹುದು.

ಎರಡು ಎಚ್ಚರಿಕೆ. ಪಠ್ಯಗಳಲ್ಲಿ ಹೆಚ್ಚು ಕಾಣುವ ರ್‍ಯು ಎಂಬ ಕಂಟ್ರೋಲರ್‌ನ ನಿರ್ವಹಣೆ ನಿಂತಿದೆ, ಹೊಸ ಪೈಥಾನ್ ಆವೃತ್ತಿಗಳಲ್ಲಿ ಅದು ಕೂರುವುದೇ ಇಲ್ಲ. ಹಳೆಯ ಪೈಥಾನ್ 3.9 ಇಟ್ಟುಕೊಳ್ಳಿ, ಅಥವಾ ಅದರಿಂದಲೇ ಕವಲೊಡೆದು ಓಪನ್‌ಸ್ಟ್ಯಾಕ್ ಬಳಗ ನೋಡಿಕೊಳ್ಳುತ್ತಿರುವ ಓಎಸ್-ಕೆನ್ ಬಳಸಿ. ಮಿನಿನೆಟ್ ಅರ್ಧಕ್ಕೆ ನಿಂತರೆ ಹಳೆಯ ಇಂಟರ್‌ಫೇಸ್‌ಗಳು ಉಳಿದುಕೊಂಡು ಮುಂದಿನ ಬಾರಿ ‘ಈಗಾಗಲೇ ಇದೆ’ ಎಂಬ ದೋಷ ಬರುತ್ತದೆ. ಅದರದ್ದೇ ಸ್ವಚ್ಛತಾ ಆಜ್ಞೆ ಕೊಟ್ಟು ಮತ್ತೆ ಶುರುಮಾಡಬೇಕು. ಅಲ್ಲಿ ಸಿಕ್ಕ ವೇಗದ ಅಂಕಿಗಳನ್ನು ಮಾತ್ರ ಪ್ರಾಜೆಕ್ಟ್ ವರದಿಯಲ್ಲಿ ಸಾಧನೆಯೆಂದು ಬರೆಯಬಾರದು, ಎಲ್ಲ ಹೋಸ್ಟ್‌ಗಳೂ ಒಂದೇ ಪ್ರೊಸೆಸರ್ ಹಂಚಿಕೊಂಡಿರುತ್ತವೆ.

ಟೆಂಡರ್ ಬರೆಯುವವರಿಗೆ: ಒಪ್ಪಿಗೆಯ ಪರೀಕ್ಷೆಯ ದಿನ ಮಾರಾಟಗಾರರ ಎದುರೇ ಒಂದು ಕಂಟ್ರೋಲರ್‌ನ ವಿದ್ಯುತ್ ಕೀಳಿಸಿ, ಆಮೇಲೆ ಮೂರನ್ನೂ ಕೀಳಿಸಿ ಅರ್ಧ ಗಂಟೆ ಕಾಯಿರಿ. ಫೈರ್‌ವಾಲ್‌ನ ವರ್ಚುವಲ್ ಯಂತ್ರವನ್ನು ನಡೆಯುತ್ತಿರುವ ವಿಡಿಯೊ ಕರೆಯ ಮಧ್ಯೆ ಮರುಚಾಲನೆ ಮಾಡಿಸಿ. ಫ್ಲೋ ಟೇಬಲನ್ನು ತುಂಬಿಸಿ ಒಂದು ರೂಲ್ ಹೆಚ್ಚಿಗೆ ಹಾಕಿಸಿ. ಈ ನಾಲ್ಕರ ಫಲಿತಾಂಶ ಏನಿರಬೇಕೆಂದು ಒಪ್ಪಂದದಲ್ಲಿ ಮೊದಲೇ ಬರೆದಿರಲಿ, ಕೊನೆಯ ಕಂತಿನ ಹಣ ಅದಕ್ಕೇ ಕಟ್ಟಿರಲಿ.

ಇತಿ,
ಜಾಲ ನಿರ್ವಹಣೆಯಲ್ಲಿ ತೊಡಗಿರುವ ಎಂಜಿನಿಯರುಗಳು
ಬೆಂಗಳೂರು